ನೇರವಾಗಿ ಗುದ್ದಿದವರಿಗೆ

ಕಳೆದ ಭಾನುವಾರದ ಪರೀಕ್ಷೆಯಲ್ಲಿ ನನಗೆ ಹಸಿರು ಬೆಲ್ಟ್ ಸಿಕ್ಕಿತು. ಶೋತೊಕಾನ್ ಅನ್ನುವ ಕರಾಟೆ ಶೈಲಿಯಲ್ಲಿ ಈಗ ನಾನು 7ನೇ ಕ್ಯೂ, ಅಂದರೆ 7ನೇ ದರ್ಜೆ. ಫೋಟೊ ನೋಡಿ ತುಂಬಾ ಜನ ಶುಭಾಶಯ ಹೇಳಿದ್ದೀರಿ. ಎಲ್ಲರಿಗೂ ಪ್ರೀತಿಯ ನಮಸ್ಕಾರ. ಆದರೆ ಈ ಬೆಲ್ಟ್ ನನ್ನ ಸೊಂಟಕ್ಕೆ ಬರಲು ಯಾರ್ಯಾರು ಕಾರಣ ಅಂತ ಹೇಳದೆ ಸುಮ್ನೆ ಥ್ಯಾಂಕ್ಸ್ ಅಂದುಬಿಟ್ಟರೆ ನನಗೆ ಸಮಾಧಾನ ಆಗುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ನಮ್ಮದು ಮಕ್ಕಳೇ ಜಾಸ್ತಿ ಇರುವ ಕ್ಲಾಸು. ಓದಿದರೆ ಅವರವರಿಗೆ ಗೊತ್ತಾಗುತ್ತದೆ.

ಕರಾಟೆಯ ಲೆಕ್ಕ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕ್ಲಾಸಿನಲ್ಲಿ ಎಲ್ಲರೂ 10ನೇ ಕ್ಯೂನಿಂದ ಶುರು ಮಾಡುತ್ತಾರೆ. ಅದು ಬಿಳಿ ಬೆಲ್ಟ್. ಆಮೇಲೆ ಹಳದಿ, ಕಿತ್ತಳೆ, ಹಸಿರು. ಮುಂದೆ ಹೋದಂತೆ ಸಂಖ್ಯೆ ಇಳಿಯುತ್ತದೆ. 1ನೇ ಕ್ಯೂ ದಾಟಿದ ಮೇಲೆ ಕಪ್ಪು ಬೆಲ್ಟ್. ಅಲ್ಲಿಂದ ದಾನ್ ಲೆಕ್ಕ, ಅದು ಏರುತ್ತಾ ಹೋಗುತ್ತದೆ. ಬಣ್ಣಗಳು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ಥರ ಇರುತ್ತವೆ. ದಾನ್ ಪದ್ಧತಿಯನ್ನು 1883ರಲ್ಲಿ ಜೂಡೊಗೆ ತಂದವರು ಅದರ ಸ್ಥಾಪಕ ಕಾನೊ ಜಿಗೊರೊ. ಶೋತೊಕಾನ್ ಶುರು ಮಾಡಿದ ಫುನಾಕೋಶಿ ಗಿಚಿನ್ ಅದನ್ನೇ ತೆಗೆದುಕೊಂಡು 1924ರಲ್ಲಿ ಕರಾಟೆಯಲ್ಲಿ ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟರು. ಆ ಲೆಕ್ಕದಲ್ಲಿ ಹಸಿರು ಇನ್ನೂ ಕೆಳಗಿನ ಮೆಟ್ಟಿಲೇ. ಆದರೆ ಈ ಕೆಳಗಿನ ಮೆಟ್ಟಿಲುಗಳಲ್ಲಿ ನನಗೆ ಸಿಕ್ಕಿದ್ದು ಬಹಳ.

ನಾನು ಕಾರವಾರದಲ್ಲಿ ನರ್ಸ್. ನಲವತ್ತು ದಾಟಿದೆ. ಮೊದಲು ಕರಾಟೆಗೆ ಸೇರಿದ್ದು ನನ್ನ ಮಗಳು. ಕೋಡಿಬಾಗದ ಹತ್ತಿರದ ಹಾಲ್‌ಗೆ ಅವಳನ್ನು ಬಿಟ್ಟು, ಮುಗಿಯುವವರೆಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಒಂದು ದಿನ ಸೆನ್ಸೆ, ಅಂದರೆ ನಮ್ಮ ಗುರುಗಳು, ಬಂದು, "ಹೇಗೂ ಒಂದು ಗಂಟೆ ಕೂರ್ತೀರಿ, ಅಲ್ಲೇ ಕೊನೆಯಲ್ಲಿ ನಿಂತ್ಕೊಳ್ಳಿ" ಅಂದರು. ನಿಂತೆ. ಮಗಳು ಮುಂದೆ ಕಬಡ್ಡಿಗೆ ಹೋದಳು. ನಾನು ಉಳಿದುಕೊಂಡೆ.

ಸಾಲಿನಲ್ಲಿ ನಿಲ್ಲುವುದು ವಯಸ್ಸಿನ ಪ್ರಕಾರ ಅಲ್ಲ, ದರ್ಜೆಯ ಪ್ರಕಾರ. ಹಾಗಾಗಿ ನನಗಿಂತ ಮೇಲೆ ಐದನೇ ಕ್ಲಾಸಿನ ಹುಡುಗಿ, ಅವಳಿಗಿಂತ ಮೇಲೆ ಏಳನೇ ಕ್ಲಾಸಿನ ಹುಡುಗ. ಅವರಿಬ್ಬರೂ ನನಗೆ ಸೆಂಪಾಯ್, ಅಂದರೆ ಹಿರಿಯರು. ಆ ಐದನೇ ಕ್ಲಾಸಿನ ಹುಡುಗಿಗೆ ನನ್ನ ಮೊದಲ ಥ್ಯಾಂಕ್ಸ್. ಓಯ್-ಜುಕಿ, ಅಂದರೆ ಹೆಜ್ಜೆ ಇಡುತ್ತಾ ಕೊಡುವ ಗುದ್ದು, ಹಾಕಿ ಮುಂದೆ ಹೋದಾಗೆಲ್ಲ ನನ್ನ ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡುತ್ತಿತ್ತು. ಸೆನ್ಸೆ ಆ ಕಡೆ ಇದ್ದಾಗ ಈ ಹುಡುಗಿ ಮೆಲ್ಲಗೆ, "ಆಂಟಿ, ಹಿಮ್ಮಡಿ" ಅನ್ನುತ್ತಿದ್ದಳು. ಅಷ್ಟೇ. ನಗಲಿಲ್ಲ, ಬೇಸರಪಟ್ಟುಕೊಳ್ಳಲಿಲ್ಲ, ನನ್ನ ಹಿಮ್ಮಡಿ ನೆಲ ಹಿಡಿಯುವವರೆಗೆ ತಿಂಗಳುಗಟ್ಟಲೆ ಹೇಳಿದಳು. ಅಷ್ಟು ತಾಳ್ಮೆ ಆ ವಯಸ್ಸಿಗೆ ಎಲ್ಲಿಂದ ಬಂತೋ! ಅವಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ, ನಿಮ್ಮ ಮಗಳು ಒಳ್ಳೆಯ ಟೀಚರ್ ಅಂತ ತಿಳಿಯಿರಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಶುರುವಿನ ದರ್ಜೆಗಳಲ್ಲಿ ಗೊಹೊನ್ ಕುಮಿತೆ ಅಂತ ಒಂದು ಅಭ್ಯಾಸ ಇದೆ. ಇಬ್ಬರು ಎದುರು ಬದುರು ನಿಲ್ಲಬೇಕು. ಒಬ್ಬರು "ಜೋದಾನ್" ಅಂತ ಮೊದಲೇ ಹೇಳಿ, ಮುಖದ ಎತ್ತರಕ್ಕೆ ಗುದ್ದುತ್ತಾ ಐದು ಹೆಜ್ಜೆ ಮುಂದೆ ಬರುತ್ತಾರೆ. ಇನ್ನೊಬ್ಬರು ಐದು ಹೆಜ್ಜೆ ಹಿಂದೆ ಹೋಗುತ್ತಾ ಪ್ರತಿ ಗುದ್ದನ್ನೂ ಅಗೆ-ಉಕೆಯಿಂದ, ಅಂದರೆ ಮುಂಗೈ ಮೇಲಕ್ಕೆತ್ತಿ, ತಡೆಯಬೇಕು. ಐದನೆಯದು ಮುಗಿದ ಕೂಡಲೇ ಒಂದು ಗ್ಯಾಕು-ಜುಕಿ, ಅಂದರೆ ಹಿಂದಿನ ಕೈಯ ಗುದ್ದು, ತಿರುಗಿಸಿ ಕೊಡಬೇಕು. ಆಮೇಲೆ "ಚೂದಾನ್", ಹೊಟ್ಟೆಯ ಎತ್ತರಕ್ಕೆ. ಮುಗಿದ ಮೇಲೆ ಪಾತ್ರ ಅದಲು ಬದಲು. ಯಾವ ಗುದ್ದು, ಎಲ್ಲಿಗೆ, ಎಷ್ಟು ಹೆಜ್ಜೆ, ಎಲ್ಲ ಮೊದಲೇ ಗೊತ್ತು. ನೋಡುವವರಿಗೆ ತುಂಬಾ ಸುಲಭ ಅನ್ನಿಸುತ್ತದೆ.

ಇದರಲ್ಲಿ ತಡೆಯುವವರು ಕಲಿಯುವುದು ಪೂರ್ತಿ ಗುದ್ದುವವರ ಕೈಯಲ್ಲಿದೆ. ಹೊಸಬರ ಜೊತೆ ಆಡುವಾಗ ಹೆಚ್ಚಿನವರು ಪಾಪ ಅಂತ ಕಿವಿಯ ಪಕ್ಕಕ್ಕೆ ಗುದ್ದುತ್ತಾರೆ. ಇಲ್ಲವೇ ಒಂದು ಗೇಣು ಮೊದಲೇ ನಿಲ್ಲಿಸುತ್ತಾರೆ. ಆಗ ನಾನು ಕೈ ಎತ್ತಿದರೂ ಒಂದೇ, ಎತ್ತದಿದ್ದರೂ ಒಂದೇ. ತಡೆದೆ ಅಂದುಕೊಳ್ಳುತ್ತೇನೆ, ತಡೆಯಲು ಅಲ್ಲಿ ಏನೂ ಇರುವುದಿಲ್ಲ. ನೇರವಾಗಿ ಗುದ್ದುವವರು ಮುಷ್ಟಿಯನ್ನು ನನ್ನ ಮುಖದ ನಡುವಿಗೇ ತರುತ್ತಾರೆ. ನಾನು ಹೆಜ್ಜೆ ತಡ ಮಾಡಿದರೆ ಅದು ತಾಗುವಷ್ಟು ಹತ್ತಿರ ಬಂದು ಚರ್ಮದ ಮುಂದೆ ನಿಲ್ಲುತ್ತದೆ. ಹಾಗೆ ನಿಲ್ಲಿಸಲು ಅವರು ತಮ್ಮ ಕೈಯ ಮೇಲೆ ಎಷ್ಟು ಹಿಡಿತ ಇಟ್ಟುಕೊಂಡಿರಬೇಕು! ನನ್ನ ಕೆಲಸದಲ್ಲೂ ಇದನ್ನು ನೋಡಿದ್ದೇನೆ. ಇಂಜೆಕ್ಷನ್ ಕೊಡುವಾಗ ಅಯ್ಯೋ ನೋವಾಗುತ್ತದೇನೋ ಅಂತ ಕೈ ಹಿಂಜರಿದರೆ ರೋಗಿಗೆ ನೋವು ಜಾಸ್ತಿ.

ನನಗೆ ಹಾಗೆ ಗುದ್ದಿದವರು ಇಬ್ಬರು.

ಒಬ್ಬಳು ಕಾಳಿ ನದಿಯಾಚೆಯ ಸದಾಶಿವಗಡದಿಂದ ಬರುವ ಕಾಲೇಜು ಹುಡುಗಿ. ನಾನು ಬಿಳಿ ಬೆಲ್ಟಿನಲ್ಲಿದ್ದಾಗ ಅವಳದು ಆಗಲೇ ನೇರಳೆ. ಮೊದಲ ದಿನ ಎದುರು ನಿಂತಾಗ ನಾನೇ, "ಸ್ವಲ್ಪ ನಿಧಾನ ಹೊಡಿ ಮಾರಾಯ್ತಿ" ಅಂದಿದ್ದೆ. "ನಿಧಾನ ಹೊಡಿತೇನೆ ಅಕ್ಕ, ಆದರೆ ನೇರ ಹೊಡಿತೇನೆ" ಅಂದಳು. ಹಾಗೇ ಮಾಡಿದಳು. ವೇಗ ಕಮ್ಮಿ, ಗುರಿ ಮಾತ್ರ ಬದಲಾಗಲಿಲ್ಲ. ನನ್ನ ತೋಳು ಗಟ್ಟಿಯಾದಂತೆ ಅವಳು ವೇಗ ಏರಿಸಿದಳು. ಯಾವಾಗ ಏರಿಸಿದಳು ಅಂತ ನನಗೆ ತಿಳಿಯಲೇ ಇಲ್ಲ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿಯಿತಲ್ವಾ, ಆಮೇಲೆ ಎರಡೂ ಕಡೆಯ ವಾಹನಗಳು ಹೊಸ ಸೇತುವೆಯ ಮೇಲೇ ಓಡಾಡಬೇಕಾಯಿತು. ಆ ಮಳೆಯಲ್ಲಿ, ಆ ಸಾಲಿನಲ್ಲಿ ಕಾದು, ಒದ್ದೆಯಾಗಿ ಬಂದು ಈ ಹುಡುಗಿ ನನ್ನ ಎದುರು ನಿಲ್ಲುತ್ತಿದ್ದಳು. ತನಗಿಂತ ಎಷ್ಟೋ ದರ್ಜೆ ಕೆಳಗಿದ್ದವಳ ಜೊತೆ ಆಡಿ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಬರುತ್ತಿದ್ದಳು. ತಂಗಿ, ನಿನ್ನ ಋಣ ನನ್ನ ಮೇಲಿದೆ.

ಇನ್ನೊಬ್ಬರು ನೌಕಾನೆಲೆಯ ಕುಟುಂಬದವರು. ಐಎನ್ಎಸ್ ಕದಂಬ ಇಲ್ಲಿರುವುದರಿಂದ ನಮ್ಮ ಕ್ಲಾಸಿಗೆ ದೇಶದ ಎಲ್ಲ ಕಡೆಯ ಮಕ್ಕಳು, ತಾಯಂದಿರು ಬರುತ್ತಾರೆ. ಹಾಲ್ ತುಂಬಾ ಕೊಂಕಣಿ, ಕನ್ನಡ, ಮರಾಠಿ, ಹಿಂದಿ. ಸೆನ್ಸೆ "ಇಚಿ" (ಒಂದು) ಅಂದ ಕೂಡಲೇ ಎಲ್ಲರೂ ಜಪಾನಿಯಲ್ಲಿ ಎಣಿಸುತ್ತೇವೆ. ಇವರು ನನ್ನ ವಯಸ್ಸಿನವರೇ, ಹರಿಯಾಣದವರು, ನನ್ನ ಜೊತೆಗೇ ಬಿಳಿ ಬೆಲ್ಟ್ ಕಟ್ಟಿದವರು. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಬರುವುದಿಲ್ಲ. ಆದರೆ ಅವರ ಮುಷ್ಟಿ ನನ್ನ ಮೂಗಿನ ನೇರಕ್ಕೇ ಬರುತ್ತಿತ್ತು. ತಡೆದಾಗ "ಬಢಿಯಾ!" ಅನ್ನುತ್ತಿದ್ದರು. ತಡೆಯದೆ ಹೋದಾಗ ಏನೂ ಅನ್ನದೆ ಮತ್ತೆ ಮೊದಲಿನ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಹಳದಿ ಬೆಲ್ಟ್ ಇಬ್ಬರಿಗೂ ಒಂದೇ ದಿನ ಸಿಕ್ಕಿತು. ಕಿತ್ತಳೆಯ ಹೊತ್ತಿಗೆ ಅವರ ಮನೆಯವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲೂ ಕ್ಲಾಸಿಗೆ ಸೇರಿದ್ದಾರೆ ಅಂತ ಕೇಳಿ ತುಂಬಾ ಖುಷಿಯಾಯಿತು. ಹಸಿರು ಬೆಲ್ಟಿನ ಫೋಟೊ ನಾನು ಮೊದಲು ಕಳಿಸಿದ್ದು ಅವರಿಗೆ.

ಸೆನ್ಸೆ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಒಂದೇ ಒಂದು ವಿಷಯ ಹೇಳುತ್ತೇನೆ, ನನ್ನ ಮೊಣಕಾಲು. ವಾರ್ಡಿನಲ್ಲಿ ದಿನವಿಡೀ ನಿಂತು ನಿಂತು ಅದು ಮೊದಲೇ ಸೋತಿತ್ತು. ಝೆಂಕುತ್ಸು-ದಾಚಿ ಅನ್ನುವ ನಿಲುವಿನಲ್ಲಿ ದೇಹದ ಭಾರ ಹೆಚ್ಚುಕಮ್ಮಿ ಶೇ. 60ರಷ್ಟು ಮುಂದಿನ ಕಾಲಿನ ಮೇಲೆ. ಕೊಕುತ್ಸು-ದಾಚಿ ಅನ್ನುವ ನಿಲುವಿನಲ್ಲಿ ಶೇ. 70ರಷ್ಟು ಹಿಂದಿನ ಕಾಲಿನ ಮೇಲೆ. ಪುಸ್ತಕದಲ್ಲಿರುವಷ್ಟು ಉದ್ದ, ಅಷ್ಟು ತಗ್ಗಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಸೆನ್ಸೆ ನನ್ನ ಎರಡು ಪಾದಗಳ ನಡುವಿನ ಅಂತರ ಕಮ್ಮಿ ಮಾಡಿ, "ಉದ್ದ ಆಮೇಲೆ ನೋಡೋಣ. ಮೊಣಕಾಲು ಪಾದದ ದಿಕ್ಕಿಗೇ ಇರಲಿ, ಒಳಗೆ ಬೀಳಬಾರದು" ಅಂದರು. ಎಲ್ಲರೂ ಉದ್ದಕ್ಕೆ ನಿಂತಿರುವಾಗ ನನಗೊಬ್ಬಳಿಗೆ ಗಿಡ್ಡ ನಿಲುವು. ಆ ಮಾತನ್ನು ಅವರು ಎಲ್ಲರ ಮುಂದೆ ಕೂಗಿ ಹೇಳಲಿಲ್ಲ. ಬೇಸಿಗೆ ಹತ್ತಿರ ಬಂದಾಗ ನಮ್ಮನ್ನು ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋಗಿ ಮರಳಿನ ಮೇಲೆ ನಿಲ್ಲಿಸಿದರು. ಅಲ್ಲಿ ಕಾಲು ಜಾರಿದಂತೆಲ್ಲ ತೊಡೆ ಬಿಗಿಯಲೇಬೇಕು. ನಿಲುವು ತಾನಾಗಿಯೇ ಉದ್ದವಾಗುತ್ತಾ ಬಂತು. ಈಗ ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುವುದಿಲ್ಲ.

ಮಧ್ಯದಲ್ಲಿ ನಾನು ಬಹಳ ಕಾಲ ಕ್ಲಾಸಿಗೆ ಹೋಗಲಿಲ್ಲ. ಅಮ್ಮನಿಗೆ ಹುಷಾರಿರಲಿಲ್ಲ. ಆಸ್ಪತ್ರೆಯ ಕೆಲಸ ಮುಗಿಸಿ ಮನೆಗೆ ಬಂದರೆ ಮತ್ತೆ ಅದೇ ಕೆಲಸ, ಈ ಸಲ ಅಮ್ಮನಿಗೆ. ಅಮ್ಮ ಹೋದ ಮೇಲೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಸೆನ್ಸೆ ಫೋನ್ ಮಾಡಿ ಕರೆಯಲಿಲ್ಲ, ಬನ್ನಿ ಅಂತ ಒತ್ತಾಯಿಸಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಬಂದು, ಹೋಗುವಾಗ "ನಿಮ್ಮ ಜಾಗ ಇದೆ" ಅಂದರು. ನಾನು ಮತ್ತೆ ಹೋದಾಗ ನನ್ನ ಜೊತೆಯ ಮಕ್ಕಳೆಲ್ಲ ಎರಡು ದರ್ಜೆ ಮುಂದಿದ್ದರು. ಸಾಲಿನಲ್ಲಿ ನನ್ನ ಜಾಗ ಇನ್ನೂ ಕೆಳಗೆ. ಮಕ್ಕಳು ಏನೂ ಕೇಳಲಿಲ್ಲ. ಸರಿದು ಜಾಗ ಮಾಡಿಕೊಟ್ಟರು, "ಯೋಯ್" (ಸಿದ್ಧರಾಗಿ) ಅಂತ ಕೂಗಿದ ಕೂಡಲೇ ಎಲ್ಲರ ಜೊತೆ ನಾನೂ ಮುಷ್ಟಿ ಕಟ್ಟಿದೆ. ಆ ಒಂದು ಗಂಟೆ ನನಗೆ ಅಮ್ಮನ ನೆನಪಿನಿಂದ ಬಿಡುವು ಸಿಕ್ಕಿತು. ಎಷ್ಟೋ ದಿನಗಳ ಮೇಲೆ ಅವತ್ತು ರಾತ್ರಿ ನಿದ್ದೆ ಬಂತು. ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳುವುದು?

ಅತ್ತೆಗೂ ಇಲ್ಲಿ ಒಂದು ಜಾಗ ಬೇಕು. ಕಾರವಾರದ ಮಳೆಗಾಲದಲ್ಲಿ ಕರಾಟೆ ಡ್ರೆಸ್ ಒಣಗಿಸುವ ಕಷ್ಟ ನಮ್ಮ ಕಡೆಯವರಿಗೆ ಗೊತ್ತು. ದಪ್ಪ ಹತ್ತಿಯ ಬಟ್ಟೆ, ಜೂನ್‌ನಲ್ಲಿ ಒಗೆದರೆ ಮೂರು ದಿನವಾದರೂ ಹಸಿ. ಅತ್ತೆ ಅದನ್ನು ಬಚ್ಚಲೊಲೆಯ ಮೇಲಿನ ಗಳಕ್ಕೆ ಹಾಕಿ, ಹೊತ್ತಿಗೆ ಸರಿಯಾಗಿ ಮಗುಚಿ ಹಾಕಿ, ಸಂಜೆಗೆ ಮಡಚಿ ಇಡುತ್ತಿದ್ದರು. ಸೊಸೆ ಈ ವಯಸ್ಸಿನಲ್ಲಿ ಬಿಳಿ ಪೈಜಾಮ ಹಾಕಿ ಒದೆಯಲು ಹೋಗುತ್ತಾಳೆ ಅಂತ ನೆರೆಯವರು ಕೇಳಿದಾಗ, "ಹೋಗಲಿ, ಅವಳಿಗೆ ಒಳ್ಳೆಯದಾಗುತ್ತಿದೆ" ಅಂದವರೂ ಅವರೇ. ಡ್ಯೂಟಿ ಬದಲಾಯಿಸಿಕೊಂಡ ನನ್ನ ಸಹೋದ್ಯೋಗಿಗಳಿಗೂ ಅಷ್ಟೇ ಪ್ರೀತಿಯ ಥ್ಯಾಂಕ್ಸ್. ನನ್ನ ಭಾನುವಾರದ ಪರೀಕ್ಷೆಗಾಗಿ ಒಬ್ಬಳು ಶನಿವಾರ ರಾತ್ರಿಯ ಪಾಳಿ ತಾನು ಮಾಡಿದಳು.

ಪರೀಕ್ಷೆಯಲ್ಲಿ ಮೂರು ಭಾಗ: ಕಿಹೊನ್ (ಮೂಲ ಹೊಡೆತ, ತಡೆಗಳು), ಕಾತಾ (ಗೊತ್ತುಪಡಿಸಿದ ಚಲನೆಗಳ ಸರಣಿ), ಕುಮಿತೆ (ಎದುರಾಳಿಯ ಜೊತೆ ಆಡುವುದು). ನನ್ನ ಕಾತಾ ಹೇಯಾನ್ ನಿದಾನ್, 26 ಚಲನೆ. ಇದರ ಕಥೆಯನ್ನು ಸೆನ್ಸೆಯಿಂದ ಕೇಳಿದ ಮೇಲೆ ನನಗೆ ಇದು ಇನ್ನೂ ಇಷ್ಟವಾಯಿತು. ಜಪಾನಿನ ಒಕಿನಾವಾ ದ್ವೀಪದಲ್ಲಿ ಇತೊಸು ಅಂಕೊ ಅಂತ ಒಬ್ಬರು ಗುರುಗಳಿದ್ದರು. 1901ರಲ್ಲಿ ಅಲ್ಲಿನ ಶಾಲೆಗೆ ಕರಾಟೆ ತಂದವರು ಅವರು. ಆಮೇಲೆ ಶಾಲೆಯ ಮಕ್ಕಳಿಗಾಗಿ ಪಿನಾನ್ ಅನ್ನುವ ಐದು ಕಾತಾ ಜೋಡಿಸಿದರು. 1922ರಲ್ಲಿ ಟೋಕಿಯೊಗೆ ಹೋದ ಫುನಾಕೋಶಿ ಮುಂದೆ ಅವಕ್ಕೆ ಹೇಯಾನ್ ಅಂತ ಹೆಸರಿಟ್ಟರು. ಜೊತೆಗೆ ಮೊದಲ ಎರಡರ ಸ್ಥಾನ ಅದಲು ಬದಲು ಮಾಡಿದರು. ಸುಲಭದ್ದು ಮೊದಲು ಬಂತು, ಕಷ್ಟದ್ದು ಎರಡನೆಯದಾಯಿತು. ಫುನಾಕೋಶಿ ಶಾಲೆಯ ಮಾಸ್ತರರಾಗಿದ್ದವರು, ಚಿಕ್ಕಂದಿನಲ್ಲಿ ತುಂಬಾ ಬಡಕಲಾಗಿದ್ದವರು. ಹೊಸಬರಿಗೆ ಎಲ್ಲಿ ಕಷ್ಟವಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಅವರು ಹಾಗೆ ಬದಲಿಸದೆ ಇದ್ದಿದ್ದರೆ ಕೊಕುತ್ಸು-ದಾಚಿ, ಪಕ್ಕದ ಒದೆತ ಎಲ್ಲ ನನಗೆ ಬಿಳಿ ಬೆಲ್ಟಿನಲ್ಲೇ ಎದುರಾಗುತ್ತಿತ್ತು. ನನ್ನ ಆಗಿನ ಮೊಣಕಾಲಿನಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಎಂದೋ ಹೋದ ಆ ಇಬ್ಬರು ಮೇಷ್ಟರಿಗೂ ನಾನು ಕೈ ಮುಗಿಯುತ್ತೇನೆ.

ಕುಮಿತೆಗೆ ನನ್ನ ಎದುರು ಬಂದದ್ದು ಅಂಕೋಲಾ ಕಡೆಯ ಒಬ್ಬ ಹುಡುಗ. ಮೊದಲು ಯಾವತ್ತೂ ನೋಡಿರಲಿಲ್ಲ. "ಜೋದಾನ್" ಅಂದ. ಮೊದಲ ಗುದ್ದೇ ನೇರ. ನನಗೆ ಹೆದರಿಕೆ ಆಗಲಿಲ್ಲ, ಆ ಥರದ ಗುದ್ದು ನನ್ನ ಕಣ್ಣಿಗೆ ಹೊಸದಾಗಿರಲಿಲ್ಲ. ಐದೂ ತಡೆದೆ. ನನ್ನ ಗ್ಯಾಕು-ಜುಕಿ ಅವನ ಹೊಟ್ಟೆಯ ಮುಂದೆ ನಿಂತಿತು. ಮುಗಿದ ಮೇಲೆ ಬಗ್ಗಿ "ಥ್ಯಾಂಕ್ಯೂ ಆಂಟಿ" ಅಂದ. ನಿನಗೂ ಥ್ಯಾಂಕ್ಸ್ ಕಣೋ, ನನ್ನನ್ನು ನೋಡಿ ಕೈ ಸಡಿಲ ಮಾಡದೆ ಇದ್ದದ್ದಕ್ಕೆ.

ಈಗ ಮುಂದಿನ ಕಾತಾ, ಹೇಯಾನ್ ಸಾನ್‌ದಾನ್, ಶುರುವಾಗಿದೆ. ಈ ತಿಂಗಳು ನಮ್ಮ ಕ್ಲಾಸಿಗೆ ಹೊಸದಾಗಿ ಇಬ್ಬರು ತಾಯಂದಿರು ಸೇರಿದ್ದಾರೆ. ಅವರ ಜೊತೆ ಗೊಹೊನ್ ಮಾಡಲು ಸೆನ್ಸೆ ನನಗೆ ಹೇಳಿದ್ದಾರೆ. ಸೋಮವಾರ ನನಗೆ ನೈಟ್ ಡ್ಯೂಟಿ, ಮಂಗಳವಾರ ಸಂಜೆ ಬರುತ್ತೇನೆ. ನಿಧಾನ ಹೊಡೆಯುತ್ತೇನೆ, ಆದರೆ ನೇರವಾಗಿ.