ಉಸಿರಿನ ಮುಂದೆ ಕುಳಿತಾಗ

ಪ್ರಿಯ ಕಿರಿಯ ಮಿತ್ರರೇ,

ಹತ್ತು ದಿನಗಳ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೊರಟಿದ್ದೀರೆಂದೂ, ಹೊಸ ಕಾದಂಬರಿಗೆ ಅಲ್ಲಿ ಸಾಮಗ್ರಿ ದೊರೆತೀತೆಂಬ ಆಸೆಯಿದೆಯೆಂದೂ ಬರೆದಿದ್ದೀರಿ. ಹೋಗಿ ಬನ್ನಿ, ಆದರೆ ಆ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಬರ್ಮಾದಿಂದ ಭಾರತಕ್ಕೆ ತಂದ ಈ ಪದ್ಧತಿಯಲ್ಲಿ ಮೌನದ ಜೊತೆಗೆ ಇನ್ನೊಂದು ನಿಯಮವೂ ಇದೆ: ಓದುವಂತಿಲ್ಲ, ಬರೆಯುವಂತಿಲ್ಲ. ಮೊದಲ ಸಲ ನಾನು ಚೀಲದ ತಳದಲ್ಲಿ ಪೆನ್ಸಿಲಿನ ತುಂಡೊಂದನ್ನು ಅಡಗಿಸಿಟ್ಟುಕೊಂಡಿದ್ದೆ. ಅದನ್ನು ಬಳಸಲೇ ಇಲ್ಲ, ಆದರೆ ಉಸಿರಿಗಿಂತ ಹೆಚ್ಚು ಹೊತ್ತು ಅದನ್ನೇ ಧ್ಯಾನಿಸಿದೆ.

ಮೊದಲ ಮೂರು ದಿನ ಕೆಲಸ ಒಂದೇ, ಆನಾಪಾನ: ಮೂಗಿನ ಹೊಳ್ಳೆಗಳಲ್ಲಿ ತಾನಾಗಿ ಬಂದು ಹೋಗುವ ಉಸಿರನ್ನು ಗಮನಿಸುವುದು. ಪ್ರಾಣಾಯಾಮ ಬಲ್ಲವರಿಗೆ ಇದು ತುಸು ತೊಡಕೆನಿಸುತ್ತದೆ, ಏಕೆಂದರೆ ಇಲ್ಲಿ ಉಸಿರನ್ನು ನೀಳಗೊಳಿಸುವುದೂ ಇಲ್ಲ, ಬಿಗಿಹಿಡಿಯುವುದೂ ಇಲ್ಲ. ನಮ್ಮಂಥವರಿಗಾದರೋ ತೊಡಕಾಗುವುದು ಮಾತು. ಮೇಲ್ದುಟಿಗೆ ತಣ್ಣನೆಯ ಗಾಳಿ ತಾಗಿದೊಡನೆ ಮನಸ್ಸು ಅದಕ್ಕೊಂದು ಹೋಲಿಕೆಯನ್ನು ಹುಡುಕಲು ಹೊರಡುತ್ತದೆ, ಹೋಲಿಕೆ ಸಿಕ್ಕ ಸಂತೋಷದಲ್ಲಿ ಮುಂದಿನ ನಾಲ್ಕಾರು ಉಸಿರುಗಳು ನಮಗೆ ತಿಳಿಯದೆಯೇ ಬಂದು ಹೋಗಿರುತ್ತವೆ. ಹಾಗಾದಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬೈಗುಳವೂ ಇನ್ನೊಂದು ವಾಕ್ಯವೇ. ಸುಮ್ಮನೆ ಮುಂದಿನ ಉಸಿರಿಗೆ ಮರಳಿ.

ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತದಲ್ಲಿ ಇದಕ್ಕೊಂದು ಉಪಮೆಯಿದೆ. ಮರ ಕಡೆಯುವ ನುರಿತ ಕಸುಬುದಾರನು ನೀಳವಾಗಿ ಎಳೆದಾಗ ನೀಳವೆಂದೂ ಗಿಡ್ಡವಾಗಿ ಎಳೆದಾಗ ಗಿಡ್ಡವೆಂದೂ ಅರಿಯುವಂತೆಯೇ ಭಿಕ್ಷುವು ತನ್ನ ಉಸಿರನ್ನು ಅರಿಯುತ್ತಾನೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಕೈಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ದೇಹದ ಮಾತು ಬಂದಾಗ ಅದೇ ಸುತ್ತ ಕೇಶ, ರೋಮ, ನಖ, ದಂತ, ತ್ವಚೆ ಎಂದು ತೊಡಗಿ ಕಫ, ಕೀವು, ನೆತ್ತರು, ಮೂತ್ರದವರೆಗೂ ಹೆಸರಿಸುತ್ತಾ ಹೋಗುತ್ತದೆ; ಎರಡೂ ಕಡೆ ಬಾಯಿರುವ ಚೀಲವನ್ನು ಬಿಚ್ಚಿ, ಇದು ಭತ್ತ, ಇದು ಹೆಸರುಕಾಳು, ಇದು ಎಳ್ಳು ಎಂದು ಗುರುತಿಸುವ ಕಣ್ಣುಳ್ಳವನಂತೆ ನೋಡು ಎನ್ನುತ್ತದೆ. ಆ ಪಟ್ಟಿಯ ಒಂದು ಹೆಸರಿಗೂ ವಿಶೇಷಣವಿಲ್ಲ. ನಿಮ್ಮ ಹಸ್ತಪ್ರತಿಯ ಮೊದಲ ಪುಟದಲ್ಲಿ ನಾನು ಎಣಿಸಿದ ವಿಶೇಷಣಗಳು ಹದಿನೇಳು.

ನಾಲ್ಕನೆಯ ದಿನ ಗಮನವನ್ನು ನೆತ್ತಿಯಿಂದ ಪಾದದವರೆಗೆ ಹರಿಸಲು ಹೇಳಿಕೊಡುತ್ತಾರೆ. ಆಗ ಮಂಡಿ ನೋಯುತ್ತದೆ, ಚೆನ್ನಾಗಿಯೇ ನೋಯುತ್ತದೆ. ಆ ನೋವಿಗೆ ಕಥೆ ಕಟ್ಟದೆ, ಅದು ಎಲ್ಲಿ ಬಿಸಿ, ಎಲ್ಲಿ ಜುಮ್ಮೆನ್ನುತ್ತದೆ, ಯಾವಾಗ ಜಾಗ ಬದಲಿಸುತ್ತದೆ ಎಂಬುದನ್ನಷ್ಟೇ ನೋಡಿ. ಅದನ್ನು ಬರೆಯಬೇಕೆನಿಸಿದರೆ ಮನೆಗೆ ಮರಳಿ ಒಂದು ತಿಂಗಳು ಕಳೆದ ಮೇಲೆ ಬರೆಯಿರಿ. ಪೆನ್ಸಿಲಿದ್ದರೆ ಹೆಸರು ನೋಂದಾಯಿಸುವ ಮೇಜಿನಲ್ಲಿಯೇ ಒಪ್ಪಿಸಿಬಿಡಿ.

ನಿಮ್ಮ ವಿಶ್ವಾಸಿ