ಹಿಮದೂರಿನ ಪ್ರವಾಸ: ಹಸುಗೂಸಿನ ಓಡಾಟದ ಮಾಹಿತಿ ಮೊದಲೇ ಸಿಗಲಿ

ಮಾನ್ಯ ಸಂಪಾದಕರೇ,

ಕ್ರಿಸ್‌ಮಸ್ ರಜೆಯಲ್ಲಿ ಹಿಮ ನೋಡಲೆಂದು ಮನಾಲಿಗೆ ಹೋಗಿಬರುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಹೊರಡುವವರೂ ಅವರಲ್ಲಿದ್ದಾರೆ. ಕಳೆದ ಡಿಸೆಂಬರ್ ಕೊನೆಯ ವಾರ ನಾನು, ನಮ್ಮ ಯಜಮಾನರು ಮತ್ತು ಅತ್ತೆಯವರು ಒಂಬತ್ತು ತಿಂಗಳ ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆವು. ಹಿಮದ ನಡುವೆ ಮಗುವನ್ನು ಕರೆದೊಯ್ಯುವುದು ಹೇಗೆ ಎಂಬ ಬಗ್ಗೆ ಪ್ರವಾಸ ಏರ್ಪಡಿಸಿದ ಸಂಸ್ಥೆಯವರು ಒಂದು ಮಾತನ್ನೂ ಹೇಳಿರಲಿಲ್ಲ. ಹಣ ಕಟ್ಟಿಸಿಕೊಳ್ಳುವ ಮೊದಲೇ ಅದನ್ನು ಬರಹದಲ್ಲಿ ತಿಳಿಸುವ ಪದ್ಧತಿ ನಮ್ಮ ರಾಜ್ಯದ ಪ್ರವಾಸ ಸಂಸ್ಥೆಗಳಲ್ಲಿ ಬರಬೇಕೆಂಬ ಕೋರಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಸಂಸ್ಥೆಯವರು ಕೊಟ್ಟಿದ್ದ ಪ್ರವಾಸದ ಪಟ್ಟಿಯಲ್ಲಿ ಎರಡನೆಯ ದಿನಕ್ಕೆ ಸೋಲಾಂಗ್ ಕಣಿವೆ, ಅಟಲ್ ಸುರಂಗ ಮತ್ತು ಅದರಾಚೆಯ ಸಿಸ್ಸು ಎಂದು ಬರೆದಿತ್ತು. ಹಿಂದಿನ ರಾತ್ರಿ ಬಿದ್ದ ಹಿಮ ವಾಹನಗಳ ಚಕ್ರದಡಿ ಸಿಕ್ಕಿ ರಸ್ತೆಯ ಮೇಲೆ ಗಾಜಿನಂತೆ ಗಟ್ಟಿಯಾಗಿತ್ತು. ಸೋಲಾಂಗ್ ಇನ್ನೂ ದೂರವಿರುವಾಗಲೇ ಕಾರು ನಿಂತಿತು. ಎಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಸಿಗುವ ‘ಫೋರ್ ಬೈ ಫೋರ್’ ಗಾಡಿಗಳನ್ನೂ ಚಕ್ರಕ್ಕೆ ಸರಪಳಿ ಕಟ್ಟಿದವುಗಳನ್ನೂ ಮಾತ್ರ ಮುಂದೆ ಬಿಡುತ್ತಾರೆ ಎಂದು ಚಾಲಕರು ಹೇಳಿದರು. ಊರಿನಿಂದ ಹೊತ್ತು ತಂದಿದ್ದ ಮಗುವಿನ ತಳ್ಳುಗಾಡಿಯ ಪುಟ್ಟ ಚಕ್ರಗಳು ಹತ್ತು ಹೆಜ್ಜೆಯಷ್ಟೂ ಉರುಳದೆ ಹಿಮದಲ್ಲಿ ಹೂತವು. ಎತ್ತಿಕೊಂಡು ನಡೆಯೋಣವೆಂದರೆ ಬಾಡಿಗೆಗೆ ಪಡೆದ ಗಂಬೂಟು ಜಾರುತ್ತಿತ್ತು, ಬಿದ್ದರೆ ಊರಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ. ಅಷ್ಟರಲ್ಲಿ ಅಲ್ಲಿಯ ಹೆಣ್ಣುಮಗಳೊಬ್ಬಳು ತನ್ನ ಕೂಸನ್ನು ಶಾಲಿನಲ್ಲಿ ಬೆನ್ನಿಗೆ ಬಿಗಿದುಕೊಂಡು, ಎರಡೂ ಕೈ ಬೀಸುತ್ತ ಸಲೀಸಾಗಿ ಹತ್ತಿಹೋದಳು. ನಮ್ಮ ಕಡೆ ಕೂಲಿಗೆ ಹೋಗುವ ತಾಯಂದಿರು ಹಳೆಯ ಸೀರೆಯಲ್ಲಿ ಮಗುವನ್ನು ಕಟ್ಟಿಕೊಳ್ಳುವುದು ಅತ್ತೆಯವರಿಗೆ ನೆನಪಾಯಿತು. ತಾವು ಹೊದ್ದಿದ್ದ ಉಣ್ಣೆಯ ಶಾಲನ್ನೇ ಬಿಚ್ಚಿ, ಮಗಳ ಮುಖ ನನಗೆ ಕಾಣುವಂತೆ, ಮೂಗಿಗೆ ಬಟ್ಟೆ ತಾಗದಂತೆ ನನ್ನ ಎದೆಗೆ ಕಟ್ಟಿಕೊಟ್ಟರು. ನನ್ನ ಪಾದ ನನಗೇ ಕಾಣದ್ದರಿಂದ ಯಜಮಾನರು ಮುಂದೆ ನಡೆದು ಹೆಜ್ಜೆಯ ಗುರುತು ಮಾಡಿಕೊಡಬೇಕಾಯಿತು.

ನಡೆಯುವ ನಮಗೆ ಮೈ ಬೆಚ್ಚಗಾಗುತ್ತದೆ, ಕಟ್ಟಿಕೊಂಡ ಮಗುವಿಗೆ ಕೈಕಾಲು ಆಡಿಸುವ ಅವಕಾಶವೇ ಇರುವುದಿಲ್ಲ. ಅದರ ಅಂಗೈ ಮುಟ್ಟಿ ಚಳಿಯನ್ನು ಅಳೆಯುವಂತಿಲ್ಲ; ಕುಲಾವಿಯ ಕೆಳಗೆ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಬೇಕು. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಶೇ 80ರಷ್ಟನ್ನು ತಿರುಗಿಸಿ ಮುಖಕ್ಕೇ ಹೊಡೆಯಬಲ್ಲದಾದ್ದರಿಂದ, ಚಳಿಯಿದ್ದರೂ ಕೂಸಿನ ಕಣ್ಣಿಗೆ ನೆರಳು ಬೇಕು.

ನನ್ನ ಹೆಚ್ಚಿನ ಆತಂಕ ಕಾರಿನೊಳಗಿನ ಗಂಟೆಗಳದ್ದು. 14 ವರ್ಷ ತುಂಬದ ಮಕ್ಕಳನ್ನು ಸೀಟ್ ಬೆಲ್ಟ್‌ನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದೆ ವಾಹನ ಓಡಿಸಿದರೆ 1,000 ರೂಪಾಯಿ ದಂಡ ಎಂದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಹೇಳುತ್ತದೆ. ಆದರೂ ಮಗುವಿನ ಆಸನ ಕೇಳಿದಾಗ ನಮಗೆ ಸಿಕ್ಕ ಉತ್ತರ “ತೊಡೆಯ ಮೇಲೆ ಕೂರಿಸಿಕೊಳ್ಳಿ” ಎಂಬುದು. ಬೆಟ್ಟದ ತಿರುವಿನಲ್ಲಿ, ಜಾರುವ ರಸ್ತೆಯಲ್ಲಿ, ಯಾವ ತಾಯಿಯ ತೋಳೂ ಬೆಲ್ಟಿನ ಕೆಲಸ ಮಾಡಲಾರದು. ಆಸನವಿದ್ದರೂ ದಪ್ಪ ಜಾಕೆಟ್ಟಿನ ಮೇಲೆ ಬೆಲ್ಟ್ ಹಾಕಿದರೆ ಒಳಗೆ ಸಡಿಲ ಉಳಿಯುತ್ತದೆ. ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸುವುದು ಸರಿಯಾದ ಕ್ರಮ.

ಮರಳುವಾಗ ನಾವು ವಾಹನಗಳ ಸಾಲಿನಲ್ಲಿ ನಾಲ್ಕು ಗಂಟೆ ನಿಂತೆವು. ಮಗುವಿಗೆ ಚಳಿಯಾಗದಿರಲೆಂದು ಚಾಲಕರು ಕಿಟಕಿಗಳನ್ನೆಲ್ಲ ಮುಚ್ಚಿ ಎಂಜಿನ್ ಚಾಲೂ ಇಟ್ಟಿದ್ದರು. ಹೊಗೆಕೊಳವೆಗೆ ಹಿಮ ಮುಚ್ಚಿಕೊಂಡರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಒಳಗೆ ತುಂಬಿಕೊಳ್ಳುತ್ತದೆ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದ ಬಳಿ ಹಿಮಪಾತಕ್ಕೆ ಸಿಕ್ಕಿ ಕಾರುಗಳಲ್ಲಿ ಉಳಿದಿದ್ದ 20ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಆ ಸುದ್ದಿ ಓದಿದ್ದ ಯಜಮಾನರು ಮತ್ತೆ ಮತ್ತೆ ಇಳಿದು ಕೊಳವೆಯ ಸುತ್ತಲಿನ ಹಿಮ ಕೆದರಿದರು, ಎಂಜಿನ್ ಆರಿಸಿ ಕಿಟಕಿಯನ್ನು ಸ್ವಲ್ಪ ತೆರೆಸಿದರು. ಓದಿರದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಮರುದಿನ ನಾವು ಊರೊಳಗೇ ಉಳಿದೆವು. ಹಿಡಿಂಬಾ ದೇವಸ್ಥಾನದ ದೇವದಾರು ಮರಗಳ ಕೆಳಗೆ ಮಗಳು ಶಾಲಿನಿಂದ ಕೈ ಹೊರಚಾಚಿ ಮೊದಲ ಸಲ ಹಿಮ ಮುಟ್ಟಿದಳು. ಅರ್ಧ ಗಂಟೆ ಸಾಕಾಯಿತು, ಬೆಚ್ಚಗಿನ ಕೋಣೆಯೂ ಹತ್ತಿರವಿತ್ತು. ಹಸುಗೂಸಿರುವ ಮನೆಯವರಿಗೆ ಇಂಥ ದಿನವನ್ನೇ ಮೊದಲಿನಿಂದ ಯೋಜಿಸಿಕೊಡಬಹುದಿತ್ತು.

ಪ್ರವಾಸ ಸಂಸ್ಥೆಗಳಿಂದ ನಾನು ಕೇಳುವುದು ಇಷ್ಟೇ. ವಾಹನ ಎಲ್ಲಿಯವರೆಗೆ ಹೋಗುತ್ತದೆ, ಅಲ್ಲಿಂದ ಎಷ್ಟು ನಡೆಯಬೇಕು, ಮಗುವಿನ ಆಸನ ಕೊಡುತ್ತಾರೆಯೇ, ರಸ್ತೆ ಮುಚ್ಚಿದರೆ ಕೂಸಿನೊಂದಿಗೆ ಎಲ್ಲಿ ನಿಲ್ಲಬಹುದು ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಲಿ. ಮಗುವಿಗಾಗಿ ಅರ್ಧ ದಾರಿಯಿಂದ ಹಿಂದಿರುಗುವ ಕುಟುಂಬಕ್ಕೆ ಆ ದಿನದ ಹಣದಲ್ಲಿ ಒಂದು ಪಾಲನ್ನು ಮರಳಿಸಲಿ. ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಮುಂದಿನ ಡಿಸೆಂಬರಿನೊಳಗೆ ಈ ಕುರಿತು ಸಂಸ್ಥೆಗಳಿಗೆ ಸೂಚನೆ ನೀಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ತಾಯಿ, ದಾವಣಗೆರೆ