ನಮ್ಮ ಹದಿನಾಲ್ಕು ಕಲ್ಲುಗಳನ್ನು ನಮ್ಮೆದುರೇ ಬಿಚ್ಚಿ ತೂಗಿ ತೋರಿಸಿ

ಮೈಸೂರು
12 ಡಿಸೆಂಬರ್ 2025

ಇವರಿಗೆ,
ವ್ಯವಸ್ಥಾಪಕರು,
ಆರ್ಡರ್ ಒಡವೆ ವಿಭಾಗ,
ಜಯನಗರ ಶಾಖೆ, ಬೆಂಗಳೂರು

ವಿಷಯ: ಆರ್ಡರ್ ಕೊಟ್ಟು ಮಾಡಿಸಿದ ವಜ್ರದ ಪೆಂಡೆಂಟ್ ಒಪ್ಪಿದ ಚಿತ್ರದಂತೆ ಇಲ್ಲದಿರುವುದು, ಬಿಲ್ಲಿನಲ್ಲಿ ತೂಕದ ತಪ್ಪು ಮತ್ತು ನಮ್ಮ ಸ್ವಂತ ಕಲ್ಲುಗಳ ಬಗ್ಗೆ ದೂರು.

ಮಾನ್ಯರೇ,

ಫೋನಿನಲ್ಲಿ ಮಾತಾಡಿದ್ದಾಯಿತು, ವಾಟ್ಸಾಪಿನಲ್ಲಿ ಬರೆದದ್ದಾಯಿತು. ನಿಮ್ಮ ಕೌಂಟರಿನಲ್ಲಿ ಪ್ರತಿ ಸಲ ಬೇರೆಯವರೇ ಇರುತ್ತಾರೆ, ಅವರಿಗೆ ಕತೆಯನ್ನು ಮೊದಲಿನಿಂದ ಹೇಳಬೇಕು, ಅವರು "ಸಾಹುಕಾರರ ಹತ್ರ ಮಾತಾಡ್ತೀವಿ ಮೇಡಂ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದಕ್ಕೇ ಎಲ್ಲವನ್ನೂ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ.

ಕಳೆದ ಜೂನ್‌ನಲ್ಲಿ ನಾನು ಮತ್ತು ನನ್ನ ಮಗಳು ನಮ್ಮಮ್ಮನ ಏಳು ಕಲ್ಲಿನ ವಜ್ರದ ಓಲೆಯನ್ನು ನಿಮ್ಮ ಅಂಗಡಿಗೆ ತಂದೆವು. ಅಷ್ಟು ಭಾರದ ಓಲೆ ಹಾಕಿಕೊಂಡು ಆಫೀಸಿಗೆ ಹೋಗುವುದು ಮಗಳಿಗೆ ಆಗದ ಮಾತು. ಆ ಹದಿನಾಲ್ಕು ಕಲ್ಲುಗಳನ್ನೇ ಬಳಸಿ ಒಂದು ಪೆಂಡೆಂಟ್ ಮಾಡಿಸುವುದು ನಮ್ಮ ಯೋಚನೆ. ನಡುವೆ ನಿಮ್ಮಲ್ಲೇ ಕೊಂಡ ಅರ್ಧ ಕ್ಯಾರಟ್ಟಿನ ಹೊಸ ಕಲ್ಲು, ಅದರ ಸುತ್ತ ಏಳು ಎಸಳು, ಅಲ್ಲಿಂದ ಮೇಲೆ ಸರದ ಕೊಂಡಿಯವರೆಗೆ ಉಳಿದ ಏಳು. ವಿನ್ಯಾಸ ಮಗಳದ್ದೇ.

ಕಲ್ಲು ತೆಗೆದುಕೊಂಡ ದಿನ ನಿಮ್ಮ ಕೆಲಸ ಅಚ್ಚುಕಟ್ಟಾಗಿತ್ತು, ಅದನ್ನು ಹೇಳಲೇಬೇಕು. ನಿಮ್ಮ ಆಚಾರ್ರು ನಮ್ಮೆದುರೇ ಓಲೆ ಬಿಚ್ಚಿ, ಕಲ್ಲುಗಳನ್ನು ಬಿಳಿ ಕಾಗದದ ಮೇಲೆ ಹರಡಿ ಎಣಿಸಿದರು. ಕ್ಯಾರಟ್ ತಕ್ಕಡಿಯಲ್ಲಿ ಎಲ್ಲ ಒಟ್ಟಿಗೆ ತೂಗಿದಾಗ 1.96 ಬಂತು. "14 ಪೀಸ್, 1.96 ಕ್ಯಾರಟ್, ಗ್ರಾಹಕರದ್ದು" ಎಂದು ಚೀಟಿಯಲ್ಲಿ ಬರೆದು ಸಹಿ ಮಾಡಿ ಕೊಟ್ಟಿರಿ. ಮಗಳು ಆಗಲೇ ಹತ್ತಿರದಿಂದ ಫೋಟೋ ತೆಗೆದುಕೊಂಡಳು. ಓಲೆಯ ಹಳೆ ಚಿನ್ನವನ್ನು ಕರಗಿಸಿ, ಕ್ಯಾರಟ್‌ಮೀಟರಿನಲ್ಲಿ ಶುದ್ಧತೆ ನೋಡಿ, ಬೆಲೆ ಕಟ್ಟಿ ಮುಂಗಡಕ್ಕೆ ಜಮಾ ಮಾಡಿಕೊಂಡಿರಿ. ಆ ಲೆಕ್ಕದ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ಅದೇ ದಿನ ಆ ಆಚಾರ್ರು ಭೂತಗನ್ನಡಿ ನನ್ನ ಕೈಗೆ ಕೊಟ್ಟು ಒಂದು ವಿಷಯ ತೋರಿಸಿದರು. "ಇವು ಹಳೇ ಕಟ್ ಅಮ್ಮ. ನಡೂ ಮಧ್ಯ ನೋಡಿ, ಸಣ್ಣ ಉಂಗುರ ಕಾಣುತ್ತಲ್ಲ? ಕಲ್ಲಿನ ತಳದ ಮೊನೆಯನ್ನ ಆಗಿನವರು ಚಪ್ಪಟೆ ಮಾಡ್ತಿದ್ರು. ಈಗಿನ ಕಲ್ಲಲ್ಲಿ ತಳ ಸೂಜಿ ಮೊನೆ" ಅಂದರು. ನೋಡಿದೆ. ಮೇಲಿನ ಮುಖದ ಮೂಲಕ ನೇರ ಕೆಳಗೆ ಇಣುಕಿದರೆ, ನಟ್ಟ ನಡುವೆ ಸಾಸಿವೆಗಿಂತ ಚಿಕ್ಕ ದುಂಡನೆಯ ಕಿಂಡಿ. ಹದಿನಾಲ್ಕರಲ್ಲೂ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೆ ನಿಮ್ಮ ಡಿಸೈನ್ ವಿಭಾಗದವರು ಕಂಪ್ಯೂಟರ್ ಚಿತ್ರ ಕಳಿಸಿದರು. ಅದರಲ್ಲಿ ಪ್ರತಿ ಕಲ್ಲನ್ನೂ ನಾಲ್ಕು ಪ್ರಾಂಗ್, ಅಂದರೆ ಚಿನ್ನದ ಸಣ್ಣ ಕೊಕ್ಕೆಗಳು, ಹಿಡಿದಿವೆ. ಹಿಂಭಾಗದ ಚಿತ್ರದಲ್ಲಿ ಕಲ್ಲುಗಳ ತಳ ಬಯಲಾಗಿ ಕಾಣುತ್ತದೆ. ಕೆಳಗೆ "18 ಕ್ಯಾರಟ್, ಓಪನ್ ಸೆಟ್ಟಿಂಗ್, ಅಂದಾಜು 8 ರಿಂದ 8.5 ಗ್ರಾಂ" ಎಂದು ನಿಮ್ಮವರೇ ಬರೆದಿದ್ದಾರೆ. ಅದಕ್ಕೆ ಮಗಳು "ಓಕೆ, ಹೀಗೇ ಮಾಡಿ" ಎಂದು ಉತ್ತರಿಸಿದ್ದಾಳೆ. ನಮ್ಮ ಆರ್ಡರ್ ಅಂದರೆ ಇದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡುತ್ತೇವೆ ಅಂದದ್ದು ದೀಪಾವಳಿ ಕಳೆದ ಮೇಲೆ ಕೈಗೆ ಬಂತು. ಇರಲಿ. ಹೇಳಿದ ದಿನಕ್ಕೆ ಒಡವೆ ಕೊಟ್ಟ ಅಕ್ಕಸಾಲಿಗರು ನಮ್ಮಜ್ಜಿಯ ಕಾಲದಲ್ಲೂ ಇದ್ದಂತಿಲ್ಲ. ಆದರೆ ಬಾಕಿ ಹಣ ಪೂರ್ತಿ ಕಟ್ಟಿಸಿಕೊಂಡ ಮೇಲೆಯೇ ಪೆಟ್ಟಿಗೆ ತೆರೆದು ತೋರಿಸಿದಿರಲ್ಲ, ಅದು ಯಾವ ಪದ್ಧತಿ? ತೆರೆದ ಕೂಡಲೇ ಮಗಳು ಪೆಂಡೆಂಟನ್ನು ತಿರುಗಿಸಿ ನೋಡಿದಳು. ಹಿಂದೆ ಉದ್ದಕ್ಕೂ ಚಿನ್ನದ ತಗಡು. ಮುಂದೆ ಪ್ರಾಂಗ್ ಇಲ್ಲ, ಪ್ರತಿ ಕಲ್ಲಿನ ಸುತ್ತ ದಪ್ಪನೆಯ ಪಟ್ಟಿ. ಪೂರಾ ಕ್ಲೋಸ್ ಸೆಟ್ಟಿಂಗ್.

"ನಮ್ಮ ಕಡೆ ವಜ್ರಕ್ಕೆ ಕ್ಲೋಸೇ ಚೆಂದ, ಗಟ್ಟಿ ಇರುತ್ತೆ" ಎಂದು ನಿಮ್ಮ ಸೇಲ್ಸ್‌ನವರು ಸಮಜಾಯಿಷಿ ಕೊಟ್ಟರು. ಚೆಂದವೇ ಇರಬಹುದು, ನಮ್ಮಮ್ಮನ ಓಲೆಯೂ ಹಾಗೇ ಇತ್ತು. ಅದು ಬೇಡ ಅಂತಲೇ ಅಲ್ಲವೇ ನಾವು ಬಿಚ್ಚಿಸಿದ್ದು? ಓಪನ್ ಸೆಟ್ಟಿಂಗ್ ಕೇಳಿದ್ದಕ್ಕೆ ಕಾರಣವಿದೆ. ಹಿಂದಿನಿಂದ ಮೆತ್ತನೆ ಬ್ರಷ್ಷಿನಲ್ಲಿ ತೊಳೆಯಬಹುದು, ಕಲ್ಲಿನ ತಳವನ್ನು ಯಾವಾಗ ಬೇಕಾದರೂ ನೋಡಬಹುದು. ಈಗ ಆ ತಗಡು ಮೂರು ಕೆಲಸ ಮಾಡಿದೆ. ಚಿನ್ನದ ತೂಕ ಏರಿಸಿದೆ, ಅದರ ಜೊತೆ ನಿಮ್ಮ ಮಜೂರಿಯನ್ನೂ ಏರಿಸಿದೆ, ಕಲ್ಲನ್ನು ಪರೀಕ್ಷಿಸುವ ದಾರಿಯನ್ನು ಮುಚ್ಚಿದೆ.

ತೂಕದ ಮಾತಿಗೆ ಬರುತ್ತೇನೆ. ಬಿಲ್ಲಿನಲ್ಲಿ ಒಟ್ಟು ತೂಕ 11.840 ಗ್ರಾಂ. ಕಲ್ಲಿನ ತೂಕವೆಂದು ಕಳೆದಿರುವುದು 0.100 ಗ್ರಾಂ ಮಾತ್ರ. ಚಿನ್ನ 11.740 ಗ್ರಾಂ ಎಂದು ದರ ಹಾಕಿದ್ದೀರಿ. ಕಲ್ಲಿನ ತೂಕದಲ್ಲಿ ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ. ಹಾಗಾದರೆ ಆ 0.100 ಗ್ರಾಂ ನಿಮ್ಮಲ್ಲಿ ಕೊಂಡ ಅರ್ಧ ಕ್ಯಾರಟ್ಟಿನ ಕಲ್ಲಿನದು. ನಾವು ಕೊಟ್ಟ 1.96 ಕ್ಯಾರಟ್ ಎಲ್ಲಿ ಹೋಯಿತು? ಅದರ ತೂಕ 0.392 ಗ್ರಾಂ, ಅದನ್ನು ಕಳೆದೇ ಇಲ್ಲ. ನಿಜವಾದ ಚಿನ್ನ 11.348 ಗ್ರಾಂ. ಅಂದರೆ ನಮ್ಮಮ್ಮನ ವಜ್ರಗಳನ್ನೇ ಚಿನ್ನವೆಂದು ತೂಗಿ ನಮಗೇ ಮಾರಿದ್ದೀರಿ. ನಮ್ಮ ಅಕ್ಕಿಯನ್ನೇ ಹಿಟ್ಟು ಮಾಡಿಸಲು ಕೊಟ್ಟರೆ ಗಿರಣಿಯವನು ಬೀಸಿದ ಕೂಲಿಯ ಜೊತೆ ಅಕ್ಕಿಯ ದುಡ್ಡನ್ನೂ ಕೇಳಿದ ಹಾಗಾಯಿತು. ಆ 0.392 ಗ್ರಾಮಿನ ಮೇಲೆ ಶೇ. 18 ಮಜೂರಿ, ಎಲ್ಲದರ ಮೇಲೆ ಶೇ. 3 ಜಿಎಸ್‌ಟಿ ಕೂಡ ಹಾಕಿದ್ದೀರಿ. ಹಾಲ್‌ಮಾರ್ಕ್ ಒಡವೆಯ ಬಿಲ್ಲಿನಲ್ಲಿ ಲೋಹದ ನಿವ್ವಳ ತೂಕವನ್ನು ಬೇರೆಯಾಗಿ ತೋರಿಸಬೇಕೆಂದು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನಿಯಮವೇ ಇದೆ. ತೋರಿಸಿದ್ದೀರಿ, ಆದರೆ ತಪ್ಪು ತೂಕ.

ಇದನ್ನು ಕೇಳಿದರೆ ನಿಮ್ಮವರ ಉತ್ತರ: "ಹಾಲ್‌ಮಾರ್ಕ್ ಇದೆಯಲ್ಲ ಮೇಡಂ, ಇನ್ನೇನು ಅನುಮಾನ?" ಹಾಲ್‌ಮಾರ್ಕ್ ಇದೆ. ಒಡವೆಯ ಮೇಲಿನ ಗುರುತು ಸಂಖ್ಯೆ ಎಚ್‌ಯುಐಡಿಯ ಆರು ಅಕ್ಷರ-ಅಂಕಿಗಳನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿದ್ದೇನೆ, 18 ಕ್ಯಾರಟ್ 750 ಎಂದು ಸರಿಯಾಗಿಯೇ ಬರುತ್ತದೆ. ಆದರೆ ಆ ಗುರುತು ಚಿನ್ನದ ಶುದ್ಧತೆಗೆ ಮಾತ್ರ. ಕಲ್ಲು ಯಾವುದು, ಯಾರದು, ಎಷ್ಟು ತೂಕ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಡವೆ ಅಂಗಡಿಯವರಿಗೆ ಇದನ್ನು ನಾನು ಹೇಳಿಕೊಡಬೇಕೇ?

ಈಗ ಮುಖ್ಯ ವಿಷಯ. ಇಲ್ಲಿ ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಹರಳು ಕೂರಿಸುವ ಹಿರಿಯ ಆಚಾರ್ರೊಬ್ಬರಿಗೆ ಪೆಂಡೆಂಟ್ ತೋರಿಸಿದೆ. ಬೆಲೆ ಕಟ್ಟಿಸುವುದಕ್ಕಲ್ಲ, ಆ ಸಣ್ಣ ಉಂಗುರ ನೋಡಿಸುವುದಕ್ಕೆ. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಕಲ್ಲು ನೋಡುತ್ತ ಬಂದರು. ಹನ್ನೆರಡರಲ್ಲಿ ಉಂಗುರ ಇದೆ. ಎಸಳುಗಳಲ್ಲಿ ಒಂದು, ಮೇಲಿನ ಸಾಲಿನ ಕೊನೆಯದು ಒಂದು, ಇವೆರಡರಲ್ಲಿ ಇಲ್ಲ. ತಳ ಮೊನೆಯಾಗಿದೆ. ಹೊಳಪೂ ಬೇರೆ ಬಗೆಯದು. ಹಳೆ ಕಲ್ಲುಗಳು ಅಗಲಗಲವಾಗಿ, ನಿಧಾನವಾಗಿ ಮಿನುಗಿದರೆ ಇವು ಚೂರುಚೂರಾಗಿ ಚಿಮ್ಮುತ್ತವೆ. ಒಮ್ಮೆ ತೋರಿಸಿಕೊಟ್ಟ ಮೇಲೆ ನನ್ನ ಬರಿಗಣ್ಣಿಗೂ ಗೊತ್ತಾಯಿತು. ಜೂನ್‌ನಲ್ಲಿ ತೆಗೆದ ಫೋಟೋದಲ್ಲಿ ಹದಿನಾಲ್ಕಕ್ಕೆ ಹದಿನಾಲ್ಕೂ ಉಂಗುರ ಎಣಿಸುವಷ್ಟು ಸ್ಪಷ್ಟವಾಗಿವೆ.

ನೀವು ಕಲ್ಲು ಬದಲಾಯಿಸಿದ್ದೀರಿ ಎಂದು ನಾನು ಈ ಪತ್ರದಲ್ಲಿ ಆರೋಪ ಮಾಡುತ್ತಿಲ್ಲ. ಕೂರಿಸುವಾಗ ಅಂಚು ಒಡೆದಿರಬಹುದು. ವಜ್ರ ಎಷ್ಟೇ ಗಟ್ಟಿಯಾದರೂ ಕೆಲವು ದಿಕ್ಕಿನಲ್ಲಿ ಪೆಟ್ಟು ಬಿದ್ದರೆ ಸೀಳಬಹುದು ಎಂದು ಆ ಹಿರಿಯರೇ ಹೇಳಿದರು. ಕಾರಿಗರನು ಹೆದರಿ ನಿಮಗೂ ಹೇಳದೆ ಬೇರೆ ಕಲ್ಲು ಹಾಕಿರಬಹುದು, ಇನ್ನೊಬ್ಬರ ಪೊಟ್ಟಣದ ಕಲ್ಲು ಬೆರೆತಿರಬಹುದು. ಏನಾಗಿದೆ ಎಂದು ಹೇಳಿ. ಅದರ ಬದಲು ನಿಮ್ಮ ಹುಡುಗ ಟೆಸ್ಟರ್ ಪೆನ್ನು ಒತ್ತಿ "ಬೀಪ್ ಬಂತು ನೋಡಿ, ವಜ್ರವೇ" ಅಂದ. ಆ ಪೆನ್ನು ನೋಡುವುದು ಕಲ್ಲಿನಲ್ಲಿ ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರಕ್ಕೂ ಅದು ಬೀಪ್ ಅನ್ನುತ್ತದೆ, ಎಷ್ಟೋ ಸಲ ವಜ್ರದಂತೆ ಕಾಣುವ ಮೊಯ್ಸನೈಟ್ ಎಂಬ ಬೇರೆ ಕಲ್ಲಿಗೂ ಅನ್ನುತ್ತದೆ. ನಮ್ಮಮ್ಮನ ಕಲ್ಲು ಇದೇ ಹೌದೋ ಎಂದು ಯಾವ ಪೆನ್ನೂ ಹೇಳುವುದಿಲ್ಲ.

ನಡುವಿನ ಹೊಸ ಕಲ್ಲಿನದೂ ಇದೇ ಕತೆ. ಎಫ್ ದರ್ಜೆಯ ಬಣ್ಣ, ವಿಎಸ್1 ದರ್ಜೆಯ ಸ್ವಚ್ಛತೆ ಎಂದು ಸರ್ಟಿಫಿಕೇಟ್ ಕೊಟ್ಟಿದ್ದೀರಿ. ಅದರ ಸಂಖ್ಯೆಯನ್ನು ಕಲ್ಲಿನ ಅಂಚಿನಲ್ಲಿ ಲೇಸರ್‌ನಿಂದ ಕೊರೆದಿದೆ ಎಂದು ಅದರಲ್ಲೇ ಇದೆ. ಆ ಅಂಚನ್ನು ನಿಮ್ಮ ಪಟ್ಟಿ ಪೂರ್ತಿ ಮುಚ್ಚಿದೆ. ಸಂಖ್ಯೆ ಓದಲಾಗದು, ಅಡ್ಡಳತೆಯನ್ನೂ ಹಿಡಿಯಲಾಗದು. ಪ್ರಾಂಗ್ ಇದ್ದಿದ್ದರೆ ಭೂತಗನ್ನಡಿ ಇಟ್ಟು ಎರಡು ನಿಮಿಷದಲ್ಲಿ ಓದಿಬಿಡಬಹುದಿತ್ತು. ಸದ್ಯಕ್ಕೆ ನನ್ನ ಬಳಿ ಇರುವುದು ಒಂದು ಕಾಗದ ಮತ್ತು ಒಂದು ಕಲ್ಲು. ಅವೆರಡಕ್ಕೂ ನಂಟು ಇದೆ ಎಂಬುದಕ್ಕೆ ನಿಮ್ಮ ಬಾಯಿಮಾತು.

ಬಿಚ್ಚಿ ತೂಗಿ ತೋರಿಸಿ ಎಂದಾಗ ನಿಮ್ಮ ಹಿರಿಯ ಸೇಲ್ಸ್‌ನವರು ಹೇಳಿದ್ದು ಇದು: "ತಾಯಿಯವರಿಗೆ ಆಗಿಬಂದ ಕಲ್ಲು, ಪದೇ ಪದೇ ಬಿಚ್ಚಿಸಬಾರದು ಅಮ್ಮ, ಒಳ್ಳೇದಲ್ಲ." ವಜ್ರ ಆಗಿಬರುತ್ತದೋ ಇಲ್ಲವೋ ಎಂದು ದಿಂಬಿನ ಕೆಳಗಿಟ್ಟು ಮಲಗಿ ನೋಡುವ ಮನೆಯಿಂದಲೇ ನಾನೂ ಬಂದವಳು. ಆಗಿಬಂದ ಕಲ್ಲು ಎಂದೇ ಅದೇ ಕಲ್ಲು ಬೇಕು ಎನ್ನುತ್ತಿರುವುದು. ಬೇರೆಯವರ ಕಲ್ಲು ಮಗಳಿಗೆ ಆಗಿಬರುತ್ತದೆ ಎಂದು ಅವರು ಬರೆದುಕೊಡುತ್ತಾರೆಯೇ?

ನಾನು ಕೇಳುವುದು ಇಷ್ಟು. ಒಂದು ದಿನ ನಿಗದಿ ಮಾಡಿ, ನನ್ನ ಮತ್ತು ಮಗಳ ಎದುರಿನಲ್ಲಿ ಹದಿನೈದು ಕಲ್ಲುಗಳನ್ನೂ ಬಿಚ್ಚಿಸಬೇಕು, ಜೂನ್‌ನಲ್ಲಿ ತೂಗಿದ ಹಾಗೆಯೇ ತೂಗಬೇಕು. ನಮ್ಮ ಹದಿನಾಲ್ಕರ ತೂಕ 1.96 ಬರಬೇಕು, ನಡುವಿನ ಕಲ್ಲಿನ ಅಂಚಿನ ಸಂಖ್ಯೆ ಸರ್ಟಿಫಿಕೇಟಿಗೆ ಹೊಂದಬೇಕು. ಎರಡು ಕಲ್ಲುಗಳು ನಮ್ಮವಲ್ಲ ಎಂದಾದರೆ ನಮ್ಮವನ್ನು ಹುಡುಕಿ ಕೊಡಿ. ಒಡೆದಿದ್ದರೆ ಚೂರುಗಳನ್ನು ತೋರಿಸಿ, ಅದೇ ಹಳೆ ಕಟ್ಟಿನ, ಅಷ್ಟೇ ತೂಕದ ಸಹಜ ವಜ್ರವನ್ನು ಲ್ಯಾಬ್ ವರದಿಯೊಂದಿಗೆ ನಿಮ್ಮ ಖರ್ಚಿನಲ್ಲಿ ಒದಗಿಸಿ. ಬಿಡಿ ಕಲ್ಲಾಗಿ ಕೈಯಲ್ಲಿರುವಾಗಲೇ ಆ ಪರೀಕ್ಷೆ ಮಾಡಿಸಬೇಕು, ಕೂರಿಸಿದ ಮೇಲೆ ಪೂರ್ತಿ ಗ್ರೇಡಿಂಗ್ ಆಗುವುದಿಲ್ಲ. ಅನಂತರ ಒಪ್ಪಿದ ಚಿತ್ರದಂತೆ, ಓಪನ್ ಸೆಟ್ಟಿಂಗ್‌ನಲ್ಲಿ, ಹೊಸ ಮಜೂರಿ ಇಲ್ಲದೆ ಪೆಂಡೆಂಟನ್ನು ಮತ್ತೆ ಮಾಡಿಕೊಡಬೇಕು. ಹೆಚ್ಚುವರಿ ಚಿನ್ನಕ್ಕೆ ಕಟ್ಟಿಸಿಕೊಂಡ ಹಣವನ್ನು ಬಿಲ್ಲಿನ ದಿನದ ದರದಲ್ಲಿಯೇ, ಅದರ ಮೇಲಿನ ಮಜೂರಿ ಮತ್ತು ತೆರಿಗೆ ಸಮೇತ ವಾಪಸ್ ಮಾಡಬೇಕು. 0.392 ಗ್ರಾಮಿನ ಹಣವಂತೂ ಇದಕ್ಕೆಲ್ಲ ಕಾಯಬೇಕಿಲ್ಲ, ತಿದ್ದಿದ ಬಿಲ್ಲಿನ ಜೊತೆ ಈಗಲೇ ಕೊಡಬಹುದು. ಲೆಕ್ಕ ನಿಮ್ಮದೇ ಚೀಟಿಯಲ್ಲಿದೆ.

ಈ ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬೇಕು. ಬಾರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸವಿರುವ ಊರಿನಲ್ಲೇ ದಾಖಲಿಸಬಹುದು, ಆದ್ದರಿಂದ ನೀವೇ ಮೈಸೂರಿಗೆ ಬರಬೇಕಾಗುತ್ತದೆ. ಕಟ್ಟಿದ ಹಣ 5 ಲಕ್ಷದೊಳಗಿದೆ, ಶುಲ್ಕವೂ ಇಲ್ಲ. ತೂಕದ ವಿಷಯವನ್ನು ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಬಿಲ್ಲಿನ ವಿಷಯವನ್ನು ಬಿಐಎಸ್‌ಗೂ ತಿಳಿಸುತ್ತೇನೆ.

ಪೆಂಡೆಂಟ್ ಬ್ಯಾಂಕ್ ಲಾಕರಿನಲ್ಲಿದೆ, ಯಾರೂ ಹಾಕಿಕೊಂಡಿಲ್ಲ. ಕೊರಿಯರ್‌ನಲ್ಲಿ ಕಳಿಸಿ, ನೋಡಿ ಹೇಳುತ್ತೇವೆ ಎಂದು ನಿಮ್ಮವರು ಮತ್ತೆ ಕೇಳುವುದು ಬೇಡ. ಬಿಚ್ಚುವ ದಿನ ನಾನೇ ತರುತ್ತೇನೆ. ಜೂನ್‌ನಲ್ಲಿ ಓಲೆ ಬಿಚ್ಚಿದ ಆಚಾರ್ರು ಅಂದು ಅಲ್ಲಿರಲಿ. ಆ ಕಲ್ಲುಗಳನ್ನು ಅವರು ಗುರುತು ಹಿಡಿಯುತ್ತಾರೆ.

ಇತಿ,
ನಿಮ್ಮ ಗ್ರಾಹಕಿ

ಲಗತ್ತು: ಕಲ್ಲು ಪಡೆದ ಚೀಟಿ, ಒಪ್ಪಿಗೆಯಾದ ಚಿತ್ರ, ಬಿಲ್ಲು ಮತ್ತು ಸರ್ಟಿಫಿಕೇಟಿನ ನಕಲುಗಳು, ಕಲ್ಲುಗಳ ಫೋಟೋ. ಮೂಲ ಪ್ರತಿಗಳು ನನ್ನ ಬಳಿ ಇವೆ.